ಹುತಾತ್ಮರ ಫೋಟೊ ಬೇಕು, ಲೆಕ್ಕ ಬೇಡ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬೆಳಗಿನ ಜಾವ ರಸ್ತೆ ಬದಿ ಓಡುವ ಹುಡುಗರು ಮೈ ಕರಗಿಸೋಕೆ ಓಡ್ತಿಲ್ಲ. ಸೇನಾ ಭರ್ತಿಯ ಓಟಕ್ಕೆ ತಯಾರಾಗ್ತಿದ್ದಾರೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಈ ಜಿಲ್ಲೆಯಲ್ಲಿ ಸೇನೆ ಅಂದರೆ ದೇಶಭಕ್ತಿಯೂ ಹೌದು, ಪಿಂಚಣಿ ಇರುವ ನೌಕರಿಯೂ ಹೌದು. ಎರಡನೆಯದನ್ನು ವೇದಿಕೆ ಮೇಲೆ ಯಾರೂ ಹೇಳಲ್ಲ.

2024ರ ಡಿಸೆಂಬರ್ 24ರಂದು ಪೂಂಚ್‌ನಲ್ಲಿ ಸೇನಾ ವಾಹನ ಕಮರಿಗೆ ಉರುಳಿ ಐವರು ಯೋಧರು ಸತ್ತರು. ಮೂವರು ನಮ್ಮ ರಾಜ್ಯದವರು. ಒಬ್ಬರು ಬೆಳಗಾವಿ ಪಕ್ಕದ ಸಾಂಬ್ರಾದವರು, ಇನ್ನೊಬ್ಬರು ಮೂಡಲಗಿಗೆ ದೂರವೇನಲ್ಲದ ಮಹಾಲಿಂಗಪುರದವರು, ಮತ್ತೊಬ್ಬರು ಕುಂದಾಪುರದ ಕಡೆಯವರು. ಅದು ಅಪಘಾತ, ಶತ್ರುವಿನ ಗುಂಡಲ್ಲ. ಹಾಗಾಗಿ ಅದರ ಮೇಲೆ ಯಾರೂ ಚುನಾವಣಾ ಭಾಷಣ ಕಟ್ಟಲಿಲ್ಲ.

ಪುಲ್ವಾಮಾ ವಿಷಯದಲ್ಲಿ ಹಾಗಾಗಲಿಲ್ಲ. 2019ರ ಫೆಬ್ರವರಿ 14ರಂದು 40 ಸಿಆರ್‌ಪಿಎಫ್ ಯೋಧರು ಸತ್ತು, 26ಕ್ಕೆ ಬಾಲಾಕೋಟ್ ದಾಳಿ ನಡೆದ ಮರುದಿನವೇ ಯಡಿಯೂರಪ್ಪನವರು ಇದರಿಂದ ರಾಜ್ಯದಲ್ಲಿ 22ಕ್ಕೂ ಹೆಚ್ಚು ಸೀಟು ಬರುತ್ತೆ ಅಂದರು. ಆಮೇಲೆ ಮಾತನ್ನು ತಿರುಚಲಾಗಿದೆ ಅಂದರು. ಬಂದದ್ದು 25. ಏಪ್ರಿಲ್‌ನಲ್ಲಿ ಪ್ರಧಾನಿ ಮೋದಿಯವರು ಲಾತೂರು ಜಿಲ್ಲೆಯ ಸಭೆಯಲ್ಲಿ, ನಿಮ್ಮ ಮೊದಲ ಮತವನ್ನು ಈ ಯೋಧರಿಗೆ ಅರ್ಪಿಸಬಾರದೇ ಎಂಬರ್ಥದಲ್ಲಿ ಹೊಸ ಮತದಾರರನ್ನು ಕೇಳಿದರು. ಪ್ರಚಾರಕ್ಕೆ ಸೇನೆಯನ್ನು ಬಳಸಬೇಡಿ ಎಂದಿದ್ದ ಚುನಾವಣಾ ಆಯೋಗಕ್ಕೆ ಅದರಲ್ಲಿ ತಪ್ಪು ಕಾಣಲಿಲ್ಲ.

ಇನ್ನೊಂದು ಕಡೆಯವರೂ ಸಾಚಾ ಅಲ್ಲ. 2024ರ ಜುಲೈ 1ರಂದು ರಾಹುಲ್ ಗಾಂಧಿಯವರು ಲೋಕಸಭೆಯಲ್ಲಿ, ಸತ್ತ ಅಗ್ನಿವೀರನ ಕುಟುಂಬಕ್ಕೆ ಪರಿಹಾರ ಸಿಗಲ್ಲ ಅಂದರು. 98.39 ಲಕ್ಷ ರೂಪಾಯಿ ಆಗಲೇ ಕೊಟ್ಟಿದ್ದೇವೆ, ಒಟ್ಟು ಸುಮಾರು 1.65 ಕೋಟಿ ಸಿಗುತ್ತೆ ಅಂತ ಸೇನೆಯೇ ಸ್ಪಷ್ಟೀಕರಣ ಕೊಡಬೇಕಾಯ್ತು. ಪಿಂಚಣಿ ಇಲ್ಲ ಅನ್ನೋ ಗಟ್ಟಿ ಪ್ರಶ್ನೆ ಈ ತಪ್ಪು ಮಾತಿನ ಗದ್ದಲದಲ್ಲಿ ಮುಳುಗಿಹೋಯ್ತು.

ಆ ಪ್ರಶ್ನೆಯ ಹಿಂದೆ ಇರೋದು ಬಜೆಟ್. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ಅದರಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ, ಹೊಸ ಶಸ್ತ್ರಾಸ್ತ್ರದಂಥ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಯಾವ ಸರ್ಕಾರ ಬಂದರೂ ಈ ಲೆಕ್ಕ ತಲೆನೋವೇ. ಆದರೆ 2022ರ ಅಗ್ನಿಪಥಕ್ಕೂ ಉಳಿತಾಯಕ್ಕೂ ಸಂಬಂಧವಿಲ್ಲ, ಸೇನೆ ಯುವಕರದ್ದಾಗಬೇಕು ಅಷ್ಟೇ ಅಂತ ಸರ್ಕಾರದ ವಾದ. ಇಂದು ಸೇರಿದವನ ಪಿಂಚಣಿ ಪ್ರಶ್ನೆ ಬರೋದು 30 ವರ್ಷದ ಮೇಲೆ ಅಂತ 2024ರ ಕಾರ್ಗಿಲ್ ದಿನ ಮೋದಿ ಹೇಳಿದರು. ಹಳೇ ಪದ್ಧತಿಯಲ್ಲಿ ಸಿಪಾಯಿ 15 ವರ್ಷ ಸೇವೆ ಮುಗಿಸಿದರೆ ಪಿಂಚಣಿಗೆ ಅರ್ಹ. ಈ ಭಾಗದ ಯಾವ ಮಾಜಿ ಸೈನಿಕನನ್ನಾದರೂ ಕೇಳಿ ನೋಡಿ.

ಸಿಯಾಚಿನ್ ಕಡೆಯೂ ಒಮ್ಮೆ ನೋಡೋಣ. 2016ರಲ್ಲಿ ಹಿಮದಡಿ ಆರು ದಿನ ಬದುಕಿದ್ದು, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ ಕುಂದಗೋಳ ತಾಲೂಕಿನ ಹನುಮಂತಪ್ಪ ಕೊಪ್ಪದರಿಗೆ ಎಲ್ಲ ಪಕ್ಷದವರೂ ನಮಿಸಿದರು. 2020ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಸಿಎಜಿ ವರದಿ, ಅಂಥ ಎತ್ತರದ ಯೋಧರಿಗೆ ಹಿಮ ಕನ್ನಡಕದ ಕೊರತೆ ಶೇ 62ರಿಂದ 98 ಇತ್ತು, ಬೂಟು ಖರೀದಿಯಾಗದೆ ಹಳೆಯವನ್ನೇ ಮತ್ತೆ ಬಳಸಬೇಕಾಯ್ತು ಅಂತ ಹೇಳಿತು. ಆ ಕನ್ನಡಕ ಯಾರ ಬ್ಯಾನರ್‌ನಲ್ಲೂ ಕಾಣಲಿಲ್ಲ.

ಬ್ರಿಟನ್‌ನಲ್ಲಿ ಗಾರ್ಡನ್ ಬ್ರೌನ್ 2010ರ ಮಾರ್ಚ್‌ನಲ್ಲಿ ಇರಾಕ್ ತನಿಖಾ ಸಮಿತಿ ಮುಂದೆ, ರಕ್ಷಣಾ ವೆಚ್ಚ ಪ್ರತಿ ವರ್ಷ ನೈಜವಾಗಿ ಏರಿದೆ ಅಂದಿದ್ದರು. ಎರಡು ವಾರದೊಳಗೆ ಸಂಸತ್ತಲ್ಲಿ ನಿಂತು, ತಪ್ಪು ಹೇಳಿದ್ದೆ ಅಂತ ಒಪ್ಪಿಕೊಂಡರು. ನಮ್ಮಲ್ಲಿ ಇಂಥ ಪ್ರಶ್ನೆ ಎತ್ತಿದರೆ ಮೊದಲು ಸಿಗೋದು ದೇಶದ್ರೋಹಿ ಪಟ್ಟ.

ಗೋಕಾಕದಲ್ಲಿ ರಮೇಶ, ಅರಭಾವಿಯಲ್ಲಿ ಬಾಲಚಂದ್ರ ಬಿಜೆಪಿ ಶಾಸಕರು. ಯಮಕನಮರಡಿಯ ಸತೀಶ ಕಾಂಗ್ರೆಸ್. ಮೂವರೂ ಜಾರಕಿಹೊಳಿ ಸಹೋದರರು, ಎರಡೂ ಪಕ್ಷವನ್ನು ಒಂದೇ ಮಧ್ಯಾಹ್ನ ಕೇಳಬಹುದಾದ ಊರುಗಳಿವು. ದೆಹಲಿಯಲ್ಲಿ ಮಾತಾಡಬೇಕಾದವರು ಬೆಳಗಾವಿ ಸಂಸದ ಜಗದೀಶ ಶೆಟ್ಟರ್ ಮತ್ತು ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ. ಮೊದಲ ಅಗ್ನಿವೀರರು ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ನಾಲ್ಕು ವರ್ಷಕ್ಕೆ ಸೇನೆ ಉಳಿಸಿಕೊಳ್ಳೋದು ಗರಿಷ್ಠ ಶೇ 25 ಮಂದಿಯನ್ನು. ಉಳಿದವರು ಮನೆಗೆ ಬಂದಾಗ ಅವರಲ್ಲಿ ಎಷ್ಟು ಜನ ಈ ಮೂರು ತಾಲೂಕಿನವರು, ಅವರಿಗೆ ಏನು ಕೆಲಸ ಇಟ್ಟಿದ್ದೀರಿ?