ಕಾಗದದ ಚೀಟಿಗಿಂತ ಕಾಳಿನಷ್ಟು ಹಡಗ ಚಂದ

ನಮ್ಮ ತಂಗಿ ಮಗ ಈ ಸಲ ಪಂಚಮಿಗೆ ಗಬ್ಬೂರಿಗೆ ಬರೋವಾಗ ಒಂದು ಆಟದ ಡಬ್ಬಿ ತಂದಿದ್ದ. ಅದರಾಗ ಸಮುದ್ರದ ನಕ್ಷಾ, ಉಗುರಿನಷ್ಟು ಅಗಲದ ರಟ್ಟಿನ ಚೀಟಿ. ಒಂದೊಂದು ಚೀಟಿ ಒಂದೊಂದು ಯುದ್ಧದ ಹಡಗಂತ. ಮ್ಯಾಲೆ ಇಂಗ್ಲಿಷ್ ಹೆಸರು, ಕೆಳಗ ಗುಂಡಿನ ಬಲ ಎಷ್ಟು, ಎಷ್ಟು ಮನಿ ಓಡ್ತದ ಅನ್ನೋ ಅಂಕಿ.

ನಮ್ಮ ಅತ್ತಿ ಚೌಕಾಬಾರದಾಗ ಯಾರಿಗೂ ಸೋಲೋರಲ್ಲ. ಆದ್ರ ಈ ಆಟಕ್ಕ ಕೂತವರು ಎರಡೇ ನಿಮಿಷಕ್ಕ ಎದ್ದುಬಿಟ್ರು. "ಅಕ್ಷರ ಬಂದವರ ಆಟವ್ವ ಇದು, ನನಗ್ಯಾಕ" ಅಂದ್ರು. ಆ ಮಾತು ನನಗ ಚುಚ್ಚಿತು ನೋಡ್ರಿ.

ಹುಡುಗ ಹೇಳಿದ, ಕೆಲವರು ಚೀಟಿ ಬದಲಿ ಆರು ಸಾವಿರ ಪಟ್ಟು ಸಣ್ಣ ಮಾಡಿದ ಲೋಹದ ಹಡಗ ಇಟ್ಟು ಆಡ್ತಾರಂತ. ಕೂತು ಲೆಕ್ಕ ಹಾಕಿದ್ವಿ. 2022ರಾಗ ಕೊಚ್ಚಿಯಾಗ ನೌಕಾಪಡೆ ಸೇರಿದ ನಮ್ಮ ವಿಕ್ರಾಂತ್ 262 ಮೀಟರ್ ಉದ್ದ. ಆರು ಸಾವಿರದಾಗ ಒಂದು ಪಾಲಂದ್ರ 4.4 ಸೆಂಟಿಮೀಟರ್, ಒಂದು ಬೆಂಕಿಕಡ್ಡಿ! ಕಾರವಾರದ ದಂಡಿಮ್ಯಾಗ ನೋಡಾಕ ಇಟ್ಟ ಚಾಪೆಲ್ ಸುಮಾರು 38 ಮೀಟರ್. ಅದು ಒಂದು ತೊಗರಿಕಾಳಿನಷ್ಟು. ಇಷ್ಟಕ್ಕ ಲೋಹ ಯಾಕ, ಅಡಗಿಮನ್ಯಾಗೇ ಎಲ್ಲಾ ಅದ.

ರಟ್ಟಿನ ಪಟ್ಟಿಮ್ಯಾಲ ಕಡ್ಡಿ, ಕಾಳು ಅಂಟಿಸಿ, ಬಾಜೂಕ ಅಂಕಿಯಷ್ಟೇ ದೊಡ್ಡದಾಗಿ ಬರದ್ವಿ. ಅತ್ತಿಗೆ ಅಕ್ಷರ ಬರದಿದ್ರೂ ಅಂಕಿ ಬರ್ತದ, ರೊಕ್ಕ ಎಣಿಸಿದ ಕೈ ಅದು. ಯಾವುದು ದೊಡ್ಡದು, ಯಾವುದು ಸಣ್ಣದು, ಮಾರಿ ಯಾವ ಕಡಿ ಅಂತ ಕಣ್ಣಿಗೇ ತಿಳೀತು. "ಹ್ಯಾಟಿ ಸುತ್ತ ಮರಿ ಇದ್ದಂಗ" ಅಂತ ಕಡ್ಡಿ ಸುತ್ತ ಕಾಳು ಕಾವಲಿಟ್ರು. ಹುಡುಗ ಬೆವತುಬಿಟ್ಟ.

ಚೀಟಿಗೂ ಒಂದು ಗುಣ ಅದ ಅನ್ರಿ. ಬೋರಲು ಹಾಕಿದ್ರ ಎದುರಿನವರಿಗೆ ಏನದ ಅಂತ ತಿಳಿಯಂಗಿಲ್ಲ. ಕಾಳು ಗುಟ್ಟು ಬಿಟ್ಟುಕೊಡ್ತದ. ಅದಕ್ಕ ನಾವು ಕಣ್ಣಿಗೆ ಬೀಳೋತನಕ ಚೀಟಿ, ಬಿದ್ದಮ್ಯಾಲ ಹಡಗ ಅಂತ ಮಾಡಿದ್ವಿ. ಚೀಟಿ ಒಗೀಬ್ಯಾಡ್ರಿ, ಆದ್ರ ಚೀಟಿ ಒಂದನ್ನೇ ನಂಬಬ್ಯಾಡ್ರಿ.

ಹುಣಸಿಬೀಜ, ಬಳಿಚೂರು ಇಟ್ಟು ಆಡಿದ ನಮಗ ಯಾರೂ ಅಕ್ಷರ ಕೇಳಿರಲಿಲ್ಲ. ಮಕ್ಕಳಿಗೆ ಆಟ ಕೊಳ್ಳೋವಾಗ ಒಂದು ಮಾತು ನೆನಪಿಡ್ರಿ: ಮನ್ಯಾಗಿನ ಅಜ್ಜಿ ಅದರ ಮುಂದ ಕೂಡಬೇಕು. ಕೂಡಾಕ ಆಗಲಿಲ್ಲಂದ್ರ ಆಟ ಬಿಡಬ್ಯಾಡ್ರಿ, ಕಾಯಿ ಬದಲಿಸ್ರಿ.