ಹಳೆಯ ರೂಟರ್: ಬದಲಿಸಬೇಕೆ, ಉಳಿಸಿಕೊಳ್ಳಬೇಕೆ?

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ, ತೂಬು, ಕಾಲುವೆಗಳನ್ನು ನಂಬಿಯೇ ನಮ್ಮ ಹಿರಿಯರು ಬದುಕಿದರು. ವೈಫೈ ರೂಟರಿನ ಮಾತು ಬಂದಾಗಲೂ ನನಗೆ ಆ ಲೆಕ್ಕವೇ ನೆನಪಾಗುತ್ತದೆ. ಕೆರೆಯಲ್ಲಿ ನೀರಿಲ್ಲದಿದ್ದರೆ ತೂಬನ್ನು ಅಗಲಿಸಿ ಪ್ರಯೋಜನವಿಲ್ಲ. ಕೆರೆ ತುಂಬಿದ್ದೂ ಕೊನೆಯ ಗದ್ದೆ ಒಣಗಿದ್ದರೆ ಕಾಲುವೆಯನ್ನು ನೋಡಬೇಕು.

ಈ ಪ್ರಶ್ನೆ ಈಗ ಶಿಡ್ಲಘಟ್ಟದ ನಮ್ಮ ಮನೆಗೇ ಬಂದಿದೆ. ಸೊಸೆ ಬೆಂಗಳೂರಿನ ಕಚೇರಿಯ ಕೆಲಸವನ್ನು ಇಲ್ಲಿಂದಲೇ ಮಾಡುತ್ತಾಳೆ. ಒಳಕೋಣೆಯಲ್ಲಿ ಕುಳಿತರೆ ಮೀಟಿಂಗು ನಡುವೆಯೇ ಕಡಿದುಹೋಗುತ್ತದೆ. ಇದು ಹೀಗೆಯೇ ಮುಂದುವರಿದರೆ ಮೊಮ್ಮಗಳನ್ನು ಕರೆದುಕೊಂಡು ಅವಳು ಬೆಂಗಳೂರಿಗೆ ಮರಳಬೇಕಾದೀತು. ಅಂಗಡಿಯವರನ್ನು ಕೇಳಿದರೆ, 'ವೈಫೈ 7 ತೆಗೆದುಕೊಳ್ಳಿ ಸಾರ್, ಎಲ್ಲವೂ ಸರಿಹೋಗುತ್ತದೆ' ಎಂದರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು (1920–2005) ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಬದುಕಿನುದ್ದಕ್ಕೂ ಸಾರಿದರು. ಅಂಗಡಿಯ ಮಾತಿಗೂ ಆ ನಿಯಮ ಸಲ್ಲಬೇಕು. ಆದ್ದರಿಂದ ಮೊದಲು ಅಳೆದು ನೋಡಿದೆ. ನಮ್ಮದು 100 ಎಂಬಿಪಿಎಸ್ ಯೋಜನೆ. ಲ್ಯಾಪ್‌ಟಾಪಿಗೆ ನೇರವಾಗಿ ಕೇಬಲ್ ಜೋಡಿಸಿದಾಗ 95 ಬಂದಿತು. ರೂಟರಿನ ಪಕ್ಕದಲ್ಲಿ ವೈಫೈ ಮೂಲಕ 40. ಒಳಕೋಣೆಯಲ್ಲಿ ಬರೀ 3. ಕೆರೆ ತುಂಬಿದೆ, ಸೋರುತ್ತಿರುವುದು ಕಾಲುವೆ!

ಚಿಂತಾಮಣಿಯ ನನ್ನ ಗೆಳೆಯರ ಮನೆಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ. ಅವರು ಹಣ ಕಟ್ಟುವುದು 30 ಎಂಬಿಪಿಎಸ್‌ಗೆ. ಮನೆಯ ಎಲ್ಲ ಮೂಲೆಗಳಲ್ಲೂ ಅದು ದೊರೆಯುತ್ತಿದೆ. ವೇಗಕ್ಕಾಗಿ ಅವರು ಹೊಸ ರೂಟರ್ ಕೊಂಡರೆ ಪಿಂಚಣಿಯ ಹಣ ವ್ಯರ್ಥವೇ ಸರಿ.

ನಮ್ಮ ರೂಟರ್ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುವಂಥದು. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಅಕ್ಕಪಕ್ಕದ ಮನೆಗಳವರೂ ಅವನ್ನೇ ಹಂಚಿಕೊಳ್ಳಬೇಕು. 5 ಗಿಗಾಹರ್ಟ್ಸ್‌ನಲ್ಲಿ ದಾರಿ ವಿಶಾಲ, ಆದರೆ ದಪ್ಪ ಗೋಡೆಯನ್ನು ದಾಟುವ ಶಕ್ತಿ ಅದಕ್ಕೆ ಇನ್ನೂ ಕಡಿಮೆ. ನಮ್ಮದೋ ಹಳೆಯ ಕಾಲದ ಕಲ್ಲುಗೋಡೆ! ಎಷ್ಟೇ ಬೆಲೆಯ ರೂಟರನ್ನು ತಂದರೂ ಬೀದಿಬಾಗಿಲ ಮೂಲೆಯಲ್ಲೇ ಇಟ್ಟರೆ ಫಲ ಅಷ್ಟಕ್ಕಷ್ಟೆ. ಹಳೆಯದನ್ನೇ ಕೇಬಲ್ ಎಳೆದು ನಡುಮನೆಗೆ ತಂದಾಗ ಒಳಕೋಣೆಯ 3 ಎಂಬುದು 15 ಆಯಿತು, ಕಾಸಿನ ಖರ್ಚು ಕೇಬಲಿನದು ಮಾತ್ರ.

ಹಾಗಿದ್ದರೂ ಹಳೆಯದನ್ನು ಬದಲಿಸಲು ನಿರ್ಧರಿಸಿದ್ದೇನೆ. ಅದರ ತಯಾರಕರು ಸುರಕ್ಷತೆಯ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದಾರೆ. ಬ್ಯಾಂಕಿನ ವ್ಯವಹಾರವೂ ಸೊಸೆಯ ಕಚೇರಿಯ ಕಡತಗಳೂ ಓಡಾಡುವ ಬಾಗಿಲಿಗೆ ಸಡಿಲವಾದ ಚಿಲಕ ತಕ್ಕುದಲ್ಲ. ಆದರೆ ವೈಫೈ 7 ನಮಗೆ ಬೇಡ. ನಮ್ಮ ಮನೆಯ ಯಾವ ಫೋನಿಗೂ ಅದರ ಭಾಷೆ ಬಾರದು. ಎರಡೂ ಪಟ್ಟಿಗಳಲ್ಲಿ ಕೆಲಸ ಮಾಡುವ, ಡಬ್ಲ್ಯುಪಿಎ 3 ಸುರಕ್ಷತೆಯುಳ್ಳ ಸಾಧಾರಣ ವೈಫೈ 6 ರೂಟರ್ ಸಾಕು.

ಮಿತ್ರರೇ, ಕೊಳ್ಳುವ ಮುನ್ನ ಅಳೆಯಿರಿ, ಸ್ಥಳ ಬದಲಿಸಿ ನೋಡಿರಿ, ಆಮೇಲೆ ಅಂಗಡಿಗೆ ಹೋಗಿರಿ. ಮಕ್ಕಳು ಊರಿನಲ್ಲಿ ಉಳಿಯುವರೆಂದಾದರೆ ಆ ಖರ್ಚಿಗೆ ಹಿಂಜರಿಯಬೇಕಾಗಿಲ್ಲ.