ಬರೆಯಲು ಹಿಂಜರಿಕೆ ಏಕೆ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ನಾನೇನು ಬರೆಯಬಲ್ಲೆ?" ಎಂಬುದು. ಇದೇ ಶಾಲೆಯಲ್ಲಿ ಹತ್ತು ವರ್ಷ ಕನ್ನಡ ಕಲಿತ ನಾನು ಹೀಗೆಂದುದು ವಿನಯದಿಂದಲ್ಲ, ಅಳುಕಿನಿಂದ. ಇನ್ನೂ ಹಲವು ಹಳೆವಿದ್ಯಾರ್ಥಿಗಳು ಇದೇ ಮಾತನ್ನು ಹೇಳಿದರೆಂದು ತಿಳಿದಾಗ, ಈ ಅಳುಕಿನ ಕುರಿತೇ ಬರೆಯುವುದು ಯೋಗ್ಯವೆನಿಸಿತು.

ಕಾಸರಗೋಡಿನ ನಮ್ಮಂತಹವರ ಅಳುಕಿಗೆ ವಿಶೇಷ ಕಾರಣವೊಂದಿದೆ. ನಮ್ಮಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಮಾತು ಮಲಯಾಳವಾಯಿತು. ಕನ್ನಡ ನಮಗೆ ದೊರೆತದ್ದು ಶಾಲೆಯಿಂದ, ಯಕ್ಷಗಾನದಿಂದ. ಆದುದರಿಂದ ನಮ್ಮದು ಪುಸ್ತಕದ ಕನ್ನಡವೆಂದು ಘಟ್ಟದ ಮೇಲಿನವರು ನಗೆಯಾಡುವುದುಂಟು. ಪದವಿ ವ್ಯಾಸಂಗಕ್ಕೆ ಹೊರಗೆ ಹೋದಾಗ ಆ ನಗೆಯನ್ನು ಕೇಳಿದ ನಾನು, ಅದುವರೆಗೆ ಬರೆಯುತ್ತಿದ್ದ ದಿನಚರಿಯನ್ನೇ ನಿಲ್ಲಿಸಿಬಿಟ್ಟೆ.

ನನ್ನ ತೀರ್ಥರೂಪರಿಗೆ ಅಂತಹ ಸಂಕೋಚವಿರಲಿಲ್ಲ. ಅವರು ಓದಿದ್ದು ಐದನೆಯ ತರಗತಿಯವರೆಗೆ ಮಾತ್ರ. ಆದರೆ ಪ್ರತಿರಾತ್ರಿ ಊಟವಾದ ಮೇಲೆ ಒಂದೆರಡು ಸಾಲು ಬರೆಯದೆ ಮಲಗಿದವರಲ್ಲ. ಮಳೆ ಎಂದು ಹಿಡಿಯಿತು, ಅಡಿಕೆಗೆ ಮದ್ದು ಬಿಟ್ಟದ್ದು ಎಂದು, ಸುರಂಗದ ನೀರು ಯಾವ ತಿಂಗಳಲ್ಲಿ ಸಣ್ಣಗಾಯಿತು, ಯಾರ ಮನೆಗೆ ಸೊಸೆ ಬಂದಳು, ಎಲ್ಲವೂ ಅಲ್ಲಿದೆ. ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗಿವೆ. ಅವರು ತೀರಿಕೊಂಡ ಬಳಿಕ ಆ ಪುಸ್ತಕಗಳನ್ನು ತೆರೆದಾಗ, ನಾನು ಈ ಶಾಲೆಗೆ ಸೇರಿದ ದಿನದ ಪುಟದಲ್ಲಿ ಹೀಗಿತ್ತು: "ಮಗನನ್ನು ಶಾಲೆಗೆ ಸೇರಿಸಿದೆನು. ಅವನು ಅಳಲಿಲ್ಲ. ಮಧ್ಯಾಹ್ನ ನನಗೆ ಊಟ ಸೇರಲಿಲ್ಲ." ಬದುಕಿದ್ದಾಗ ಅವರು ಇದನ್ನು ಒಮ್ಮೆಯೂ ನನ್ನಲ್ಲಿ ಹೇಳಿದವರಲ್ಲ. ಕಾಗುಣಿತಕ್ಕೆ ಅಂಜಿ ಅವರು ಬರೆಯದೆ ಇದ್ದಿದ್ದರೆ ಆ ಮೂರು ಮಾತು ನನಗೆ ಎಂದೂ ದೊರೆಯುತ್ತಿರಲಿಲ್ಲ.

ಮನೆಯ ಮಾತನ್ನು ಊರಿಗೆಲ್ಲ ಸಾರಬೇಕೇ ಎಂದು ಕೆಲವರು ಕೇಳಬಹುದು. ಸಾರಬೇಕಾಗಿಲ್ಲ. ಬರೆದುದೆಲ್ಲವೂ ಅಚ್ಚಾಗಬೇಕೆಂದಿಲ್ಲ. ಆದರೆ ಊರಿಗೆ ಉಪಯೋಗವಾಗುವ ಅನುಭವವನ್ನು ಬಚ್ಚಿಡುವುದೂ ಸರಿಯಲ್ಲ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟಿತು. ಅದುವರೆಗೆ ಲೇಖನವೆಂದು ಏನನ್ನೂ ಬರೆಯದವರು ತಮ್ಮ ತೋಟದ ಸಂಗತಿಯನ್ನು ತಾವೇ ಬರೆದರು. ನಮ್ಮವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ದುಡಿತವೇ ನನ್ನ ದೇವರು'. ದುಡಿಯುವವನ ದಿನವೂ ಬರೆಯಲು ಯೋಗ್ಯವಾದುದೆಂಬ ಧೈರ್ಯವನ್ನು ಆ ಹೆಸರೇ ಕೊಡುತ್ತದೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಬೇರೆ ಮಾಧ್ಯಮದಲ್ಲಿ ಓದಿದ ನನ್ನ ಮಗಳಿಗೆ ಅಜ್ಜನ ಪುಸ್ತಕವನ್ನು ಓದಲು ಬಾರದು. ಆ ಮಾಧ್ಯಮವನ್ನು ಆರಿಸಿದವನು ನಾನೇ. ಇತರರನ್ನು ದೂರುವ ಹಕ್ಕು ನನಗಿಲ್ಲ. ಆ ಮೂರು ಸಾಲುಗಳನ್ನು ನಾನೇ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ, ನೀವು ಯಾಕೆ ಬರೆಯುವುದಿಲ್ಲ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾನು ದಿನಕ್ಕೆರಡು ಸಾಲು ಬರೆಯುತ್ತಿದ್ದೇನೆ. ರಜೆಯಲ್ಲಿ ಬಂದಾಗಲೆಲ್ಲ ಅವಳು ಅಕ್ಷರ ಕಲಿಯುತ್ತಾಳೆ. ಪಾಠ ಸದ್ಯ ಒತ್ತಕ್ಷರದ ಬಳಿ ನಿಂತಿದೆ.

ಕನ್ನಡ ಉಳಿಯಬೇಕೆಂದು ಸಭೆಗಳಲ್ಲಿ ನಾವೆಲ್ಲರೂ ಹೇಳುತ್ತೇವೆ. ಶಾಲೆ ಅಕ್ಷರವನ್ನು ಕೊಟ್ಟಿತು. ಅದನ್ನು ಬಳಸಬೇಕಾದವರು ನಾವು. ಹಳೆವಿದ್ಯಾರ್ಥಿ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಒಂದು ಪುಸ್ತಕ ಕೊಳ್ಳಿರಿ, ತಾರೀಕು ಹಾಕಿರಿ, ಎರಡು ಸಾಲು ಬರೆಯಿರಿ. ತಪ್ಪಾದರೆ ಆಗಲಿ. ಈ ಶಾಲೆಯ ಶತಮಾನೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ, "ನಾನೇನು ಬರೆಯಬಲ್ಲೆ?" ಎಂಬ ಉತ್ತರ ನಮ್ಮ ಮಕ್ಕಳ ಬಾಯಿಂದ ಬರದಿರಲಿ.